ಎಂಟೇ ಗುರುಗಳ ಊರು ಲಾರೆನ್ಸ್

ಅಮೆರಿಕದ ಭೂಪಟದಲ್ಲಿ ಕಾನ್ಸಸ್ ರಾಜ್ಯ ನಟ್ಟನಡುವೆ ಇದೆ. ಗೋಧಿ ಹೊಲ, ಹುಲ್ಲುಗಾವಲು, ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲದ ಬಯಲು. ಕಾನ್ಸಸ್ ಸಿಟಿ ಮಹಾನಗರದಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ಸಾಗಿದರೆ ಈ ಬಯಲಿನಲ್ಲಿ ಒಂದು ಗುಡ್ಡ ತಲೆಯೆತ್ತುತ್ತದೆ. ಅದರ ಹೆಸರು ಮೌಂಟ್ ಓರಿಯಡ್. ಗುಡ್ಡದ ಮೇಲೆ ಸುಣ್ಣಕಲ್ಲಿನ ಗೋಡೆ, ಕೆಂಪು ಹೆಂಚಿನ ಮಾಡು ಹೊತ್ತ ಕಟ್ಟಡಗಳ ಸಾಲು. ಅದೇ ಕಾನ್ಸಸ್ ವಿಶ್ವವಿದ್ಯಾಲಯ. ಕೆಳಗೆ ಕಾನ್ಸಸ್ ನದಿಯ ದಂಡೆಯಲ್ಲಿ ಲಾರೆನ್ಸ್ ಪಟ್ಟಣ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 95 ಸಾವಿರ.

ಗುಲಾಮಗಿರಿಯನ್ನು ವಿರೋಧಿಸಿ ಮ್ಯಾಸಚೂಸೆಟ್ಸ್ ಕಡೆಯಿಂದ ವಲಸೆ ಬಂದವರು 1854ರಲ್ಲಿ ಕಟ್ಟಿದ ಊರಿದು. ಅದಕ್ಕೇ ಇಲ್ಲಿನ ಮುಖ್ಯ ಪೇಟೆ ಬೀದಿಗೆ ಇಂದಿಗೂ ಮ್ಯಾಸಚೂಸೆಟ್ಸ್ ಸ್ಟ್ರೀಟ್ ಎಂದೇ ಹೆಸರು. 1863ರ ಆಗಸ್ಟ್‌ನಲ್ಲಿ ಗುಲಾಮಗಿರಿಯ ಪರವಾದ ಕುದುರೆ ಸವಾರರ ದಂಡು ಬಂದು ಊರಿಗೆ ಬೆಂಕಿಯಿಟ್ಟು, ಸುಮಾರು 150 ಗಂಡಸರನ್ನೂ ಹುಡುಗರನ್ನೂ ಕೊಂದಿತು. ಬೂದಿಯಿಂದ ಎದ್ದ ಊರು ಮೂರೇ ವರ್ಷದಲ್ಲಿ ಗುಡ್ಡದ ಮೇಲೆ ವಿಶ್ವವಿದ್ಯಾಲಯವನ್ನು ತೆರೆಯಿತು.

ಇಂಥ ಇತಿಹಾಸವಿದ್ದರೂ ಲಾರೆನ್ಸ್‌ನ ಜನ ಚಹಾ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಹೆಚ್ಚಾಗಿ ಆಡುವ ಮಾತು ಬೇರೆ. ಅದು ಬ್ಯಾಸ್ಕೆಟ್‌ಬಾಲ್, ಅದರಲ್ಲೂ ಕೋಚ್‌ಗಳ ಮಾತು. ಕಾಲೇಜು ತಂಡದ ಆಟಗಾರ ಹೆಚ್ಚೆಂದರೆ ನಾಲ್ಕೈದು ವರ್ಷ ಇರುತ್ತಾನೆ, ಪದವಿ ಪಡೆದು ಹೋಗುತ್ತಾನೆ. ಉಳಿಯುವವನು ಕೋಚ್. ಹಾಗಾಗಿ ಅಭಿಮಾನಿಯ ಪ್ರೀತಿ, ಸಿಟ್ಟು ಎರಡೂ ಅವನ ತಲೆಗೇ ಸುತ್ತಿಕೊಳ್ಳುತ್ತವೆ. ಬೇರೆ ಕಾಲೇಜುಗಳಲ್ಲಿ ಎರಡು ವರ್ಷ ಸೋತರೆ ಕೋಚ್ ಮನೆಗೆ ಹೋಗುವುದುಂಟು. ಕಾನ್ಸಸ್‌ನಲ್ಲಿ 1898ರಿಂದ 2025ರವರೆಗೆ ಕಾಯಂ ಕೋಚ್ ಆಗಿದ್ದವರು ಎಂಟೇ ಮಂದಿ. ಇದು ಊರಿನ ಹೆಮ್ಮೆ; ಊರಿನ ಗಾಯವೂ ಇದರಲ್ಲೇ ಇದೆ.

ನಿಯಮದಲ್ಲಿಲ್ಲದ ಕೋಚ್

ಗುಡ್ಡದ ದಕ್ಷಿಣಕ್ಕೆ ನೈಸ್ಮಿತ್ ಡ್ರೈವ್ ಎಂಬ ರಸ್ತೆ. ಅಲ್ಲಿರುವ ಡಿಬ್ರೂಸ್ ಸೆಂಟರ್‌ನಲ್ಲಿ ಗಾಜಿನ ಹಿಂದೆ ಎರಡು ಹಳೆಯ ಹಾಳೆಗಳಿವೆ. 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ದೈಹಿಕ ಶಿಕ್ಷಣದ ಯುವ ಮೇಷ್ಟ್ರು ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಹೊಸ ಆಟವೊಂದನ್ನು ರೂಪಿಸಿದರು. ಎರಡು ಹಣ್ಣಿನ ಬುಟ್ಟಿ, ಒಂದು ಫುಟ್‌ಬಾಲ್, 13 ನಿಯಮ. ಆ ನಿಯಮಗಳನ್ನು ಟೈಪ್ ಮಾಡಿದ ಮೂಲ ಹಾಳೆಗಳೇ ಇವು. 2010ರ ಹರಾಜಿನಲ್ಲಿ ಲಾರೆನ್ಸ್‌ನಲ್ಲೇ ಬೆಳೆದ ಡೇವಿಡ್ ಬೂತ್ 43 ಲಕ್ಷ ಡಾಲರ್ ಕೊಟ್ಟು ಇವನ್ನು ಕೊಂಡು ಊರಿಗೆ ತಂದರು.

ಹಾಳೆಗಳನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿ ಅಂಪೈರ್ ಇದ್ದಾನೆ, ರೆಫರಿ ಇದ್ದಾನೆ, ನಾಯಕರಿದ್ದಾರೆ. ಕೋಚ್ ಎಂಬ ಪದವೇ ಇಲ್ಲ. ಈ ಆಟಕ್ಕೆ ಕೋಚ್ ಬೇಕೆಂದು ನೈಸ್ಮಿತ್ ಅವರಿಗೆ ಅನ್ನಿಸಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಹುಡುಗರ ಮೈ ಮನಸ್ಸು ಹದವಾಗಲು ಆಡುವ ಆಟ.

1898ರಲ್ಲಿ ಅವರು ಕಾನ್ಸಸ್‌ಗೆ ಬಂದದ್ದು ಪ್ರಾರ್ಥನಾ ಮಂದಿರದ ಹೊಣೆ ಮತ್ತು ದೈಹಿಕ ಶಿಕ್ಷಣದ ಪಾಠ ಹೊತ್ತು. ಜೊತೆಗೆ ಬ್ಯಾಸ್ಕೆಟ್‌ಬಾಲ್ ತಂಡವೂ ಹುಟ್ಟಿತು. 1899ರ ಫೆಬ್ರುವರಿಯಲ್ಲಿ ಆಡಿದ ಮೊದಲ ಪಂದ್ಯದಲ್ಲೇ 16–5ರ ಸೋಲು. 1907ರವರೆಗಿನ ಅವರ ಒಟ್ಟು ಲೆಕ್ಕ 55 ಗೆಲುವು, 60 ಸೋಲು. ಆಟವನ್ನು ಕಂಡುಹಿಡಿದವರೇ ಕಾನ್ಸಸ್‌ನ ಎಂಟು ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚು ಕಂಡ ಏಕೈಕ ವ್ಯಕ್ತಿ! ಈ ಮಾತನ್ನು ಲಾರೆನ್ಸ್‌ನವರು ನಗುತ್ತಲೇ ಹೇಳುತ್ತಾರೆ. ಆದರೆ ರಸ್ತೆಗೂ ಅವರದೇ ಹೆಸರು, ಆಟದ ಅಂಕಣಕ್ಕೂ ಅವರದೇ ಹೆಸರು.

ಶಿಷ್ಯಕೋಟಿ

ಕೋಚ್ ಎಂಬ ವೃತ್ತಿಗೆ ರೂಪ ಕೊಟ್ಟವರು ನೈಸ್ಮಿತ್ ಕೈಕೆಳಗೆ ಆಡಿದ ಫಾರೆಸ್ಟ್ ಅಲೆನ್. ಬೇಸ್‌ಬಾಲ್ ಅಂಪೈರ್ ಆಗಿದ್ದಾಗ ಮಂಜಿನಲ್ಲಿ ಹಡಗುಗಳು ಊದುವ ಕಹಳೆಯಂತೆ ಕೂಗುತ್ತಿದ್ದರಂತೆ. ಹಾಗಾಗಿ 'ಫಾಗ್' ಎಂಬ ಅಡ್ಡಹೆಸರು. 1907ರಿಂದ ಎರಡು ವರ್ಷ, ಆಮೇಲೆ 1919ರಿಂದ 1956ರವರೆಗೆ ಅವರೇ ಕೋಚ್. 590 ಗೆಲುವು, 1952ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅವರ ಗಳಿಕೆ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಲು ಪಟ್ಟುಹಿಡಿದು ಓಡಾಡಿದವರಲ್ಲಿ ಅಲೆನ್ ಒಬ್ಬರು.

ಅವರ ಶಿಷ್ಯರ ಪಟ್ಟಿ ನೋಡಿದರೆ ಇದು ಬ್ಯಾಸ್ಕೆಟ್‌ಬಾಲ್‌ನ ಗುರುಕುಲ ಎನ್ನದೆ ವಿಧಿಯಿಲ್ಲ. ಕಾನ್ಸಸ್‌ನ ಹಳ್ಳಿಗಾಡಿನಿಂದ ಬಂದ ಅಡಾಲ್ಫ್ ರಪ್ ಮುಂದೆ ಕೆಂಟಕಿಯಲ್ಲಿ 42 ವರ್ಷ ಕೋಚ್ ಆಗಿ 876 ಪಂದ್ಯ ಗೆದ್ದರು. 1952ರ ತಂಡದಲ್ಲಿ ಹೆಚ್ಚಾಗಿ ಬೆಂಚಿನ ಮೇಲೇ ಕೂತಿದ್ದ ಡೀನ್ ಸ್ಮಿತ್ ನಾರ್ತ್ ಕೆರೊಲಿನಾದಲ್ಲಿ 1961ರಿಂದ 1997ರವರೆಗೆ 879 ಗೆಲುವು ಕಂಡರು.

ಇನ್ನೊಬ್ಬ ವಿದ್ಯಾರ್ಥಿಯ ಕಥೆ ಬೇರೆ. ಜಾನ್ ಮೆಕ್ಲೆಂಡನ್ 1930ರ ದಶಕದಲ್ಲಿ ಇಲ್ಲಿ ದೈಹಿಕ ಶಿಕ್ಷಣ ಓದಿದ ಕರಿಯ ಯುವಕ. ಬಣ್ಣದ ಕಾರಣಕ್ಕೆ ಅವರಿಗೆ ತಂಡದಲ್ಲಿ ಆಡುವ ಅವಕಾಶವಿರಲಿಲ್ಲ. ಅವರಿಗೆ ಮಾರ್ಗದರ್ಶಕರಾದವರು ವೃದ್ಧ ನೈಸ್ಮಿತ್. ಏಕಲವ್ಯನ ಕಥೆಯಲ್ಲಿ ಗುರುವೇ ವಿದ್ಯೆ ಕೊಡಲಾರೆನೆಂದ. ಇಲ್ಲಿ ಸಂಸ್ಥೆ ಅಂಕಣ ಕೊಡಲಿಲ್ಲ, ಗುರು ವಿದ್ಯೆ ಕೊಟ್ಟ. 1936ರಲ್ಲಿ ಪದವಿ ಪಡೆದ ಮೆಕ್ಲೆಂಡನ್ ವೇಗದ ದಾಳಿಯ ಆಟವನ್ನು ಬೆಳೆಸಿ, 1957ರಿಂದ 1959ರವರೆಗೆ ಟೆನೆಸಿಯ ಕರಿಯರ ಕಾಲೇಜೊಂದಕ್ಕೆ ಸತತ ಮೂರು ವರ್ಷ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ತಾವು ತೊಡಲಾಗದ ಅಂಗಿಯ ಊರಿನಿಂದಲೇ ಅವರು ಕೋಚ್ ಆಗಿ ಹೊರಟಿದ್ದರು.

ಅಲೆನ್ ಅವರ ನಿರ್ಗಮನವೂ ಸುಖವಾಗಿರಲಿಲ್ಲ. ಏಳಡಿ ಎತ್ತರದ ವಿಲ್ಟ್ ಚೇಂಬರ್ಲಿನ್‌ನನ್ನು ಒಲಿಸಿ ಕರೆತಂದವರು ಅವರೇ. ಆ ಕಾಲದ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆತ ಅರ್ಹನಾಗುವ ಹೊತ್ತಿಗೆ ಅಲೆನ್‌ಗೆ 70 ತುಂಬಿತು. ಕಡ್ಡಾಯ ನಿವೃತ್ತಿ. ಮರುವರ್ಷ, 1957ರ ಫೈನಲ್‌ನಲ್ಲಿ ಮೂರು ಹೆಚ್ಚುವರಿ ಅವಧಿಗಳ ನಂತರ ಕಾನ್ಸಸ್ ಒಂದೇ ಅಂಕದಿಂದ ಸೋತಿತು. ಮುದುಕ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂಬ ವಾದಕ್ಕೆ ಇಲ್ಲಿ ಇನ್ನೂ ಮುಪ್ಪು ಬಂದಿಲ್ಲ.

ಪಂದ್ಯದ ರಾತ್ರಿ

1955ರ ಮಾರ್ಚ್ 1ರಂದು ತೆರೆದ ಅಲೆನ್ ಫೀಲ್ಡ್‌ಹೌಸ್ ಹೊರಗಿನಿಂದ ದೊಡ್ಡ ಉಗ್ರಾಣದಂತೆ ಕಾಣುತ್ತದೆ. ಒಳಗೆ 15 ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ದೊಡ್ಡ ಪಂದ್ಯಕ್ಕೆ ಒಳ್ಳೆಯ ಜಾಗ ಬೇಕಾದ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ದಿನಗಟ್ಟಲೆ ಪಾಳಿಯ ಮೇಲೆ ಕಾಯುತ್ತಾರೆ. ಹಾಜರಿ ಕರೆದಾಗ ಗುಂಪಿನ ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಕಾಯುವವರು ಕ್ರೀಡಾಂಗಣದ ಮೊಗಸಾಲೆಯಲ್ಲೇ ಪುಸ್ತಕ ಹರಡಿ ಓದುವುದೂ ಉಂಟು.

ಎದುರಾಳಿ ತಂಡವನ್ನು ಪರಿಚಯಿಸುವಾಗ ಈ ಹುಡುಗರು ಪತ್ರಿಕೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ನಿಮ್ಮನ್ನು ನೋಡಲೂ ಪುರುಸೊತ್ತಿಲ್ಲ ಎಂಬ ಅಣಕ. ತಮ್ಮ ತಂಡ ಬಂದೊಡನೆ ಅದೇ ಪತ್ರಿಕೆಯನ್ನು ಚೂರು ಮಾಡಿ ಮೇಲಕ್ಕೆ ತೂರುತ್ತಾರೆ. ಗೆಲುವು ಖಚಿತವಾದಾಗ 'ರಾಕ್ ಚಾಕ್, ಜೇಹಾಕ್' ಎಂಬ ಘೋಷ ದೇವಸ್ಥಾನದ ಮಂತ್ರದಂತೆ ನಿಧಾನವಾಗಿ ಏಳುತ್ತದೆ. 1886ರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರಿಂದ ಹುಟ್ಟಿದ ಘೋಷವಿದು. ಮೇಲೆ ತೂಗುವ ಬಟ್ಟೆಯ ಮೇಲೆ ಫಾಗ್ ಹೆಸರಿನಲ್ಲಿ ಎದುರಾಳಿಗಳಿಗೆ ಎಚ್ಚರಿಕೆ.

ಬಿಟ್ಟುಹೋದವರು, ಕರೆತಂದವರು

ಲಾರೆನ್ಸ್‌ನ ಅಭಿಮಾನಿಗೆ ಕೋಚ್‌ಗಳಲ್ಲಿ ಮೂರು ಜಾತಿ: ಉಳಿದವರು, ಕಳಿಸಲ್ಪಟ್ಟವರು, ಬಿಟ್ಟುಹೋದವರು. 19 ವರ್ಷ ದುಡಿದು ಎರಡು ಬಾರಿ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟ ಮುಟ್ಟಿಸಿದ ಟೆಡ್ ಓವೆನ್ಸ್ ಅವರನ್ನು 1983ರಲ್ಲಿ ತೆಗೆದುಹಾಕಲಾಯಿತು. ನಂತರ ಬಂದ ಲ್ಯಾರಿ ಬ್ರೌನ್ 1988ರಲ್ಲಿ ಚಾಂಪಿಯನ್‌ಷಿಪ್ ಗೆದ್ದು, ಕೂಡಲೇ ವೃತ್ತಿಪರ ತಂಡಕ್ಕೆ ಹೊರಟರು. ಅವರ ಕಾಲದ ನಿಯಮಭಂಗಕ್ಕೆ ಶಿಕ್ಷೆ ಬಿದ್ದದ್ದು ಅವರು ಹೋದ ಮೇಲೆ. 1989ರ ಟೂರ್ನಿಗೆ ಹಿಂದಿನ ವರ್ಷದ ಚಾಂಪಿಯನ್ನರಿಗೇ ಪ್ರವೇಶವಿರಲಿಲ್ಲ. ದಂಡ ತೆತ್ತವರು ಹಿಂದೆ ಉಳಿದ ಹುಡುಗರು.

ಆಗ ಬಂದವರು ರಾಯ್ ವಿಲಿಯಮ್ಸ್. ಡೀನ್ ಸ್ಮಿತ್ ಅವರ ಸಹಾಯಕ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಹೆಸರು. 15 ವರ್ಷಗಳಲ್ಲಿ 418 ಗೆಲುವು, 101 ಸೋಲು. 2000ದಲ್ಲಿ ತವರು ನಾರ್ತ್ ಕೆರೊಲಿನಾ ಕರೆದಾಗ ಅವರು ಒಲ್ಲೆ ಎಂದರು. ಆ ಘೋಷಣೆ ಕೇಳಲು ಸಾವಿರಾರು ಜನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೇರಿದ್ದರು. 2003ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಫೈನಲ್‌ನಲ್ಲಿ ಕಾನ್ಸಸ್ ಮೂರು ಅಂಕಗಳಿಂದ ಸೋತಿತು. ಸರಿಯಾಗಿ ಒಂದು ವಾರಕ್ಕೆ ವಿಲಿಯಮ್ಸ್ ತವರಿಗೆ ಹೊರಟರು. ಊರು ಕೆಂಡವಾಯಿತು.

ಮತ್ತೊಂದು ವಾರದಲ್ಲಿ ಕಾನ್ಸಸ್ ಬಿಲ್ ಸೆಲ್ಫ್ ಅವರನ್ನು ಕರೆತಂದಿತು. ಎಲ್ಲಿಂದ? ಇಲಿನಾಯ್ ವಿಶ್ವವಿದ್ಯಾಲಯದಿಂದ. ಅಲ್ಲಿಯ ವಿದ್ಯಾರ್ಥಿಗಳಿಗೂ ಅದೇ ನೋವು, ಅದೇ ಸಿಟ್ಟು. ಇಲಿನಾಯ್ ತನ್ನ ಕೋಚನ್ನು ಸದರ್ನ್ ಇಲಿನಾಯ್‌ನಿಂದ ತಂದುಕೊಂಡಿತು. ಒಂದು ಊರಿನ ಖಾಲಿ ಕುರ್ಚಿ ಮೂರು ಊರುಗಳ ಕುರ್ಚಿಯನ್ನು ಅಲುಗಿಸಿತು. ಎರಡೇ ವರ್ಷಕ್ಕೆ, 2005ರ ಫೈನಲ್‌ನಲ್ಲಿ, ಸೆಲ್ಫ್ ಆರಿಸಿದ್ದ ಹುಡುಗರೇ ಆಧಾರವಾಗಿದ್ದ ಇಲಿನಾಯ್ ತಂಡವನ್ನು ಸೋಲಿಸಿದ್ದು ವಿಲಿಯಮ್ಸ್ ಅವರ ನಾರ್ತ್ ಕೆರೊಲಿನಾ. ನಮ್ಮೂರು ಬಿಟ್ಟವನು ದ್ರೋಹಿ, ಪರವೂರು ಬಿಟ್ಟು ನಮ್ಮಲ್ಲಿಗೆ ಬಂದವನು ಮನೆಮಗ ಎಂಬ ಅಭಿಮಾನಿಯ ನ್ಯಾಯದ ತಕ್ಕಡಿ ಇಲ್ಲಿ ನೇರವಾಗಿ ನಿಲ್ಲುವುದಿಲ್ಲ.

ಸಿಟ್ಟು ಕರಗಲು ಐದು ವರ್ಷ ಬೇಕಾಯಿತು. 2008ರ ಸೆಮಿಫೈನಲ್‌ನಲ್ಲಿ ಕಾನ್ಸಸ್ 84–66ರಿಂದ ವಿಲಿಯಮ್ಸ್ ತಂಡವನ್ನು ಮಣಿಸಿತು. ಮುಂದಿನ ಪಂದ್ಯಕ್ಕೆ ವಿಲಿಯಮ್ಸ್ ಕಾನ್ಸಸ್‌ನ ಜೇಹಾಕ್ ಹಕ್ಕಿಯ ಚೀಟಿಯನ್ನು ಅಂಗಿಗೆ ಅಂಟಿಸಿಕೊಂಡು ಪ್ರೇಕ್ಷಕರ ನಡುವೆ ಬಂದು ಕೂತರು. ಈ ಸಲ ಸಿಟ್ಟಾಗುವ ಸರದಿ ನಾರ್ತ್ ಕೆರೊಲಿನಾದವರದು! ಅಂದು ಕಾನ್ಸಸ್ ಗೆದ್ದಿತು. 2022ರಲ್ಲಿ ಅದೇ ನ್ಯೂ ಆರ್ಲಿಯನ್ಸ್‌ನಲ್ಲಿ, ಅರ್ಧ ಆಟಕ್ಕೆ 15 ಅಂಕ ಹಿಂದಿದ್ದು, ನಾರ್ತ್ ಕೆರೊಲಿನಾವನ್ನು 72–69ರಿಂದ ಸೋಲಿಸಿ ಮತ್ತೆ ಗೆದ್ದಿತು. 2024ರ ನವೆಂಬರ್‌ನಲ್ಲಿ ಸೆಲ್ಫ್ 590ರ ಗಡಿ ದಾಟಿ ಅಲೆನ್ ದಾಖಲೆಯನ್ನು ಮುರಿದರು. ಮಚ್ಚೆಯೂ ಇಲ್ಲದಿಲ್ಲ. ಆಟಗಾರರನ್ನು ಸೆಳೆಯುವಲ್ಲಿ ನಡೆದ ಅಕ್ರಮದ ವಿಚಾರಣೆಯ ನಂತರ 2023ರಲ್ಲಿ, 2017–18ರ ಸಾಲಿನ 15 ಗೆಲುವುಗಳನ್ನು ದಾಖಲೆಯಿಂದ ಅಳಿಸಲಾಯಿತು.

ಹುಡುಗರ ಪಾಲು

ಬಹುಕಾಲ ಒಂದು ಅಸಮಾನತೆ ಹಾಗೇ ಇತ್ತು. ಕೋಚ್ ಇಂದು ಒಂದು ಕಾಲೇಜು, ನಾಳೆ ಇನ್ನೊಂದು ಕಾಲೇಜು ಸೇರಬಹುದಿತ್ತು. ಅವನನ್ನೇ ನಂಬಿ ಬಂದ ವಿದ್ಯಾರ್ಥಿ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಕಟ್ಟು ಸಡಿಲವಾಯಿತು, 2024ರಲ್ಲಿ ಪೂರ್ತಿ ಬಿಚ್ಚಿತು. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ದಾರಿಯಾಯಿತು. ಈಗ ಹುಡುಗರೂ ವರ್ಷಕ್ಕೊಂದು ಅಂಗಿ ತೊಡಬಹುದು. ಹಳೆಯ ಅಭಿಮಾನಿಗಳು ನಿಷ್ಠೆ ಸತ್ತಿತು ಎಂದು ಕೊರಗುತ್ತಾರೆ. ಆದರೆ ಕೋಚ್‌ಗಿದ್ದ ಸ್ವಾತಂತ್ರ್ಯ ಶಿಷ್ಯನಿಗೂ ಸಿಕ್ಕಿತು ಎಂಬುದೂ ಅಷ್ಟೇ ನಿಜ.

ಕೋಚ್ ಒಬ್ಬನನ್ನೇ ನೋಡಿ ಕಾಲೇಜು ಸೇರಬೇಡಿ. ಅವನು ನಾಳೆ ಹೊರಟರೂ ನಾಲ್ಕು ವರ್ಷ ಓದುವ ಮನಸ್ಸಿರುವ ಜಾಗವನ್ನು ಆರಿಸಿಕೊಳ್ಳಿ ಎಂದು ಹಿರಿಯರು ಹೇಳುವುದು ಇದಕ್ಕೇ. 2022ರ ಟೂರ್ನಿಯ ಅತ್ಯುತ್ತಮ ಆಟಗಾರ ಒಚಾಯ್ ಅಗ್ಬಾಜಿ ಪಕ್ಕದ ಕಾನ್ಸಸ್ ಸಿಟಿಯ ಹುಡುಗ. ನಾಲ್ಕು ವರ್ಷವೂ ಲಾರೆನ್ಸ್‌ನಲ್ಲೇ ಉಳಿದು, ಕೊನೆಯ ಪಂದ್ಯದಲ್ಲಿ ಕಪ್ ಎತ್ತಿ ಹೊರಟವನು. ಆ ರಾತ್ರಿ ಮ್ಯಾಸಚೂಸೆಟ್ಸ್ ಸ್ಟ್ರೀಟ್‌ನಲ್ಲಿ ಹತ್ತಾರು ಸಾವಿರ ಜನ ತುಂಬಿದ್ದರು.

ಲಾರೆನ್ಸ್ ನೋಡಲು ನವೆಂಬರ್‌ನಿಂದ ಮಾರ್ಚ್ ಮೊದಲ ವಾರದವರೆಗಿನ ಆಟದ ಕಾಲ ಚೆನ್ನ. ಚಳಿ ಮಾತ್ರ ಮೂಳೆ ಕೊರೆಯುತ್ತದೆ. ವಿಮಾನಕ್ಕೆ ಕಾನ್ಸಸ್ ಸಿಟಿ, ಅಲ್ಲಿಂದ ರಸ್ತೆ. ಟಿಕೆಟ್ ಸಿಗದವರು ಡಿಬ್ರೂಸ್ ಸೆಂಟರ್ ನೋಡಿಕೊಂಡು, ಊರಿನ ಪೂರ್ವಕ್ಕಿರುವ ಮೆಮೊರಿಯಲ್ ಪಾರ್ಕ್ ಸ್ಮಶಾನಕ್ಕೆ ಹೋಗಬಹುದು. 1939ರಲ್ಲಿ ತೀರಿಕೊಂಡ ನೈಸ್ಮಿತ್ ಅಲ್ಲಿದ್ದಾರೆ. ಕೋಚ್ ಕೆಲಸ ಬಿಟ್ಟ ಮೇಲೂ ಅವರು ಊರು ಬಿಡಲಿಲ್ಲ. 1937ರವರೆಗೆ ಇದೇ ಗುಡ್ಡದ ಮೇಲೆ ಪಾಠ ಹೇಳಿದರು.