ಯೆಜ್ಡಿ ಏರಿ ತವರಿಗೆ

ನಿಮ್ಮ ಮನೆಯ ಹಿತ್ತಿಲಿನಲ್ಲೋ ಮೆಟ್ಟಿಲ ಕೆಳಗಿನ ಕತ್ತಲಲ್ಲೋ ಹಳೆಯ ಬೈಕೊಂದು ಟಾರ್ಪಾಲು ಹೊದ್ದು ನಿಂತಿರಬಹುದು. ಮಳೆಗಾಲದಲ್ಲಿ ನೀವು ಅದರ ಮೇಲೆ ಬಟ್ಟೆ ಒಣಹಾಕುತ್ತೀರಿ. ಮಕ್ಕಳು ಹತ್ತಿ ಕುಳಿತು "ಡುರ್ ಡುರ್" ಎನ್ನುತ್ತಾರೆ. ಆಗಾಗ ಗುಜರಿಯವನು ಗೇಟಿನ ಬಳಿ ನಿಂತು ಕೊಡುತ್ತೀರಾ ಎಂದು ಕೇಳುತ್ತಾನೆ. ಕೊಡುವ ಮೊದಲು ಅದರ ಟ್ಯಾಂಕನ್ನು ಒಮ್ಮೆ ಒರೆಸಿ ಹೆಸರು ಓದಿ ನೋಡಿ. ಜಾವಾ ಅಥವಾ ಯೆಜ್ಡಿ ಎಂದಿದ್ದರೆ ಅದು ನಮ್ಮ ಮೈಸೂರಿನಲ್ಲೇ ಹುಟ್ಟಿದ ಗಾಡಿ ಇರಬಹುದು.

ಇದು ಗಂಡಸರ ವಿಷಯ ಎಂದು ಪುಟ ಮಗುಚಬೇಡಿ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಸಂಸಾರ ಸಾಗಿಸಿದವರು ನಾವೇ ಅಲ್ಲವೇ?

ಮೈಸೂರಿನ ರೈಲು ನಿಲ್ದಾಣದಿಂದ ಸ್ವಲ್ಪ ದೂರ ಹೋದರೆ ಯಾದವಗಿರಿ ಸಿಗುತ್ತದೆ. ಸಾಲುಮರಗಳ ನೆರಳು, ಹಳೆಯ ಕಾಂಪೌಂಡು, ಅಷ್ಟೇನೂ ಗದ್ದಲವಿಲ್ಲದ ಬಡಾವಣೆ. ಹೊರಗಿನಿಂದ ಬಂದವರು ಇಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ನೋಡಲು ಬರುತ್ತಾರೆ. ಮೈಸೂರಿನ ಹಳಬರಿಗೆ ಮಾತ್ರ ಯಾದವಗಿರಿ ಎಂದರೆ ಜಾವಾ ಫ್ಯಾಕ್ಟರಿ. ಮುಂಬೈಯ ಇರಾನಿ ಮನೆತನದವರು ಜೆಕೊಸ್ಲೊವಾಕಿಯಾದಿಂದ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದರು. ಆಮದಿಗೆ ನಿರ್ಬಂಧ ಬಿದ್ದಾಗ ಇಲ್ಲಿಯೇ ತಯಾರಿಸಲು ಮುಂದಾದರು. ಹೀಗೆ ಹುಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು, ಆಗ ರಾಜ್ಯಪಾಲರೂ ಆಗಿದ್ದ ಜಯಚಾಮರಾಜೇಂದ್ರ ಒಡೆಯರ್. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಯಾನೆಚೆಕ್ ಎಂಬ ಜೆಕ್ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಬೈಕಿನ ವಿನ್ಯಾಸವನ್ನು ಪಡೆದರು. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. 1970ರ ದಶಕದಲ್ಲಿ ಮೈಸೂರಿನ ಬೈಕಿಗೆ ಯೆಜ್ಡಿ ಎಂಬ ಹೊಸ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಮಾರುಕಟ್ಟೆಗೆ ಬಂದವು. ಅವು ಬೇರೆ ಕಂಪೆನಿಯವು, ಬೇರೆ ಎಂಜಿನ್ನಿನವು, ತಯಾರಾಗುವುದು ಮಧ್ಯಪ್ರದೇಶದಲ್ಲಿ.

ಹಳೆಯ ಯೆಜ್ಡಿಯ ವಿಶೇಷವನ್ನು ನೋಡಿದವರೇ ಬಲ್ಲರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರೇ ಗೇರಿನ ಲಿವರ್. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಗೇರ್ ಬದಲಿಸುವಾಗ ಕೈಯ ಕ್ಲಚ್ ಹಿಡಿಯದಿದ್ದರೂ ನಡೆಯುತ್ತದೆ, ಲಿವರೇ ಕ್ಲಚ್ಚನ್ನು ಬಿಡಿಸುತ್ತದೆ. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುವುದರಿಂದ ಸೀರೆಗೆ, ಬುರ್ಖಾದ ಅಂಚಿಗೆ ಗ್ರೀಸ್ ಮೆತ್ತುವುದಿಲ್ಲ. ಹಾಲಿನವರು ಕ್ಯಾನು ಕಟ್ಟಿಕೊಂಡು ಓಡಿಸಿದ್ದೂ ಇದನ್ನೇ, ಕೊಡಗು-ಕರಾವಳಿಗೆ ದೂರ ಪ್ರಯಾಣ ಹೊರಟವರು ನಂಬಿದ್ದೂ ಇದನ್ನೇ.

ನಮ್ಮ ಅಬ್ಬನದು 1984ರ ಯೆಜ್ಡಿ 250. ಅವರು ತೀರಿಕೊಂಡ ಮೇಲೆ ಹಲವು ವರ್ಷ ಅದು ನಿಂತೇ ಇತ್ತು. ಹಳೆಯ ಬೈಕುಗಳನ್ನು ಕೂಡಿಡುವವರೊಬ್ಬರು ಒಳ್ಳೆಯ ಬೆಲೆ ಹೇಳಿದಾಗ ತಮ್ಮನ ಮನಸ್ಸು ವಾಲಿತು. ಆಗ ಉಮ್ಮ ಹೇಳಿದರು: "ಮಾರುವುದಾದರೆ ಮಾರೋಣ ಮೋನೇ. ಆದರೆ ಅದು ನಿನ್ನೊಬ್ಬನದಲ್ಲ. ನನ್ನ ಪಾಲಿದೆ, ನಿನ್ನ ಅಕ್ಕಂದಿರ ಪಾಲಿದೆ. ಎಲ್ಲರನ್ನೂ ಕೇಳು." ಅಬ್ಬ ಬಿಟ್ಟುಹೋದ ಜಾಗದ ಬಗ್ಗೆ, ಒಡವೆಯ ಬಗ್ಗೆ ಪಾಲಿನ ಮಾತು ಆಡುವ ನಾವು ಬೈಕಿನ ಬಗ್ಗೆ ಅಂಥ ಮಾತು ಕೇಳಿದ್ದು ಅದೇ ಮೊದಲು. ಎಲ್ಲರನ್ನೂ ಕೇಳಿದ ಮೇಲೆ ಮಾರುವುದು ಬೇಡ ಎಂದಾಯಿತು. ಉಮ್ಮನಿಗೆ ಒಂದು ಆಸೆಯೂ ಇತ್ತು. ಮದುವೆಯಾದ ಹೊಸತರಲ್ಲಿ ಅಬ್ಬನ ಹಿಂದೆ ಕುಳಿತು ಮೈಸೂರಿನಿಂದ ಸುಳ್ಯದ ತವರಿಗೆ ಹೋಗುತ್ತಿದ್ದ ದಾರಿಯಲ್ಲಿ ಅದೇ ಗಾಡಿಯಲ್ಲಿ ಇನ್ನೊಮ್ಮೆ ಹೋಗಬೇಕು.

ಮೊದಲ ಕೆಲಸ ಗ್ಯಾರೇಜಿನದಲ್ಲ, ಕಾಗದದ್ದು. ವಾಹನದ ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಟ್ಟು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅವಧಿ ಮೀರಿದ್ದರೆ ದಂಡ ಸೇರುತ್ತದೆ, ಬಾಗಿಲೇನೂ ಮುಚ್ಚುವುದಿಲ್ಲ. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ತಪಾಸಣೆಗೆ ಗಾಡಿಯನ್ನು ಒಯ್ಯಬೇಕು. ಎಂಜಿನ್ ಮತ್ತು ಚಾಸಿಸ್ ನಂಬರುಗಳು ಆರ್‌ಸಿಯಲ್ಲಿರುವಂತೆಯೇ ಇರಬೇಕು. ಆದ್ದರಿಂದ ಬಣ್ಣ ಹೊಡೆಯುವವರಿಗೆ ಆ ನಂಬರುಗಳನ್ನು ಉಜ್ಜಿ ಅಳಿಸದಂತೆ ಮೊದಲೇ ಹೇಳಿಬಿಡಿ. ಬಣ್ಣವನ್ನೇ ಬದಲಿಸುವುದಾದರೆ ಅದನ್ನೂ ಆರ್‌ಸಿಯಲ್ಲಿ ಬರೆಸಬೇಕು. ಹೀಗೆ ಓಡಾಡಿ ಗಾಡಿಯನ್ನು ಉಮ್ಮನ ಹೆಸರಿಗೇ ಮಾಡಿಸಿದೆವು. ಲೈಸೆನ್ಸ್ ಇಲ್ಲದಿದ್ದರೂ ವಾಹನದ ಮಾಲೀಕರಾಗಬಹುದು, ಓಡಿಸಲು ಮಾತ್ರ ಲೈಸೆನ್ಸ್ ಬೇಕು.

ಇನ್ನು ಮಂಡಿ ಮೊಹಲ್ಲಾದ ಗ್ಯಾರೇಜು. ಅಂಗಡಿ ಎನ್ನುವುದಕ್ಕಿಂತ ಗೋಡೆ ಮತ್ತು ರಸ್ತೆಯ ನಡುವಿನ ಒಂದು ಸಂದು. ಗೋಡೆಯ ತುಂಬ ಮೊಳೆಗಳಿಗೆ ತೂಗುಹಾಕಿದ ಕೇಬಲ್ಲು, ಗ್ಯಾಸ್ಕೆಟ್ಟು. ಅಲ್ಲಿಯ ಹಿರಿಯ ಮೆಕ್ಯಾನಿಕ್ಕನ್ನು ಹುಡುಗರೆಲ್ಲ 'ಉಸ್ತಾದ್' ಎನ್ನುತ್ತಿದ್ದರು. ಕರಾವಳಿಯ ನಮ್ಮವರಿಗೆ ಉಸ್ತಾದ್ ಎಂದರೆ ಮದ್ರಸದ ಗುರುಗಳು. ಉಮ್ಮ ಮೊದಲ ದಿನ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಬಹಳ ಗೌರವದಿಂದ ಮಾತನಾಡಿಸಿದ್ದು ಇದೇ ಕಾರಣಕ್ಕೋ ಏನೋ!

ಎಂಜಿನ್ ಬಿಚ್ಚಿದಾಗ ಗೊತ್ತಾಯಿತು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಸಿಲಿಂಡರನ್ನು ಬೋರ್ ಮಾಡಿಸಿ ಒಂದಳತೆ ದೊಡ್ಡ ಪಿಸ್ಟನ್ ಹಾಕಿಸಿದ್ದಾಯಿತು. ಕ್ರ್ಯಾಂಕಿನ ಬೇರಿಂಗ್, ಕನೆಕ್ಟಿಂಗ್ ರಾಡ್, ಆಯಿಲ್ ಸೀಲ್ ಎಲ್ಲ ಹೊಸತು. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲ್ ಒಣಗಿ ಸೀಳಿದ್ದರೆ ಅಲ್ಲಿಂದ ಗಾಳಿ ಒಳನುಗ್ಗಿ ಪೆಟ್ರೋಲಿನ ಹದ ಕೆಡುತ್ತದೆ, ಎಂಜಿನ್ ಮಿತಿಮೀರಿ ಕಾಯುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅಗ್ಗದ ಈ ಸೀಲನ್ನು ಬದಲಿಸದೆ ಹೊಸ ಪಿಸ್ಟನ್ ಹಾಕಿಸುವುದು ಹಣ ನೀರಿಗೆಸೆದಂತೆ. ಟ್ಯಾಂಕಿನೊಳಗಿನ ತುಕ್ಕನ್ನು ಹಿಡಿ ನಟ್ಟು-ಬೋಲ್ಟು ಹಾಕಿ ಕುಲುಕಿ ಕುಲುಕಿ ತೆಗೆದರು. ಈ ಕೆಲಸವನ್ನು ಮನೆಯಲ್ಲಿ ಮಾಡುವವರು ಅಡುಗೆಮನೆಯ ಒಲೆಯಿಂದ ದೂರವಿರಲಿ, ಖಾಲಿ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲಿನ ಆವಿಯೇ ಹೆಚ್ಚು ಅಪಾಯ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರು ಅದನ್ನು ತಾಳುವುದಿಲ್ಲ. ಪೈಪು, ವಾಷರುಗಳನ್ನೆಲ್ಲ ಬದಲಿಸಬೇಕಾಯಿತು.

ತಮ್ಮನ ಕಣ್ಣು ಕ್ರೋಮಿನ ಮೇಲಿತ್ತು. ಟ್ಯಾಂಕಿಗೆ ಕನ್ನಡಿಯಂಥ ಹೊಳಪು, ಸೈಲೆನ್ಸರಿಗೆ ಹೊಸ ಪಾಲಿಶ್, ಅಗಲ ಟಯರು. ಉಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹೊಳೆಯುವುದು ಆಮೇಲೆ ನೋಡೋಣ. ಮೊದಲು ಅದು ನಿಲ್ಲುತ್ತದೋ?"

ಉಸ್ತಾದ್ ನಕ್ಕು, "ಅಮ್ಮಾ ಸರಿಯಾಗಿ ಕೇಳಿದರು" ಎಂದರು. ಯೆಜ್ಡಿಗೆ ಎರಡೂ ಚಕ್ರಗಳಲ್ಲಿ ಡ್ರಮ್ ಬ್ರೇಕು. ಮುಂದಿನ ಚಕ್ರಕ್ಕೆ ಬೇರೆ ಬೈಕಿನ ಡಿಸ್ಕ್ ಜೋಡಿಸುವವರು ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ಆ ಕಾಲದ ಫೋರ್ಕು ಆ ಸೆಳೆತಕ್ಕೆ ಮಾಡಿದ್ದಲ್ಲ, ಮೂಲ ವಿನ್ಯಾಸ ಬದಲಿಸುವ ಮಾರ್ಪಾಡುಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಡೆಯೂ ಇದೆ. ಡ್ರಮ್ಮನ್ನು ಲೇತಿನಲ್ಲಿ ಸಮ ಮಾಡಿಸಿ, ಹೊಸ ಲೈನರ್, ಹೊಸ ಕೇಬಲ್ ಹಾಕಿಸಿದರೆ ಹಳೆಯ ಬ್ರೇಕೂ ಚೆನ್ನಾಗಿಯೇ ಹಿಡಿಯುತ್ತದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಆ ಧೂಳನ್ನು ಊದಬಾರದು. ಮಕ್ಕಳನ್ನು ಹತ್ತಿರ ಬಿಡಲೇಬೇಡಿ.

ಬದಲಾಯಿಸಲೇಬೇಕಾದದ್ದು ದೀಪ. 6 ವೋಲ್ಟಿನ ಹಳೆಯ ಹೆಡ್‌ಲೈಟು ಇಂದಿನ ಹೆದ್ದಾರಿಯಲ್ಲಿ ಎದುರಿನ ಬೆಳಕಿನ ಮುಂದೆ ಚಿಮಣಿ ದೀಪದಂತೆ. ಜಾವಾದ ತವರಾದ ಜೆಕ್ ದೇಶದಲ್ಲಿ ಈ ಎಂಜಿನ್ನುಗಳಿಗಾಗಿಯೇ 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಈಗಲೂ ತಯಾರಾಗುತ್ತದೆ. ಅಂಥ ಕಿಟ್ ಹಾಕಿದ ಮೇಲೆ ಬಲ್ಬು, ಹಾರ್ನು, ಬ್ಯಾಟರಿ, ವೈರಿಂಗ್ ಎಲ್ಲವೂ 12 ವೋಲ್ಟಿಗೆ ಬದಲಾಗಬೇಕು. ಪಾಯಿಂಟ್ ಉಜ್ಜುವ ಗೋಳೂ ತಪ್ಪಿತು.

ಕೊನೆಗೆ ಉಳಿದದ್ದು ಹಿಂದಿನ ಸೀಟು. ಸುಂದರವಾಗಿ ಕಾಣಲೆಂದು ಹಿಡಿಕೆ, ಸೀರೆ ಗಾರ್ಡು ಕಿತ್ತೆಸೆಯುವುದು ಈಗಿನ ಹುಡುಗರ ರೂಢಿ. ಅದು ಅಲಂಕಾರದ ವಸ್ತುವಲ್ಲ ಸಹೋದರಿ, ಕಾನೂನು ಕೊಟ್ಟ ರಕ್ಷಣೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಹಿಂದೆ ಕೂರುವವರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚಿರಬೇಕು. ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಉಮ್ಮ ಗ್ಯಾರೇಜಿನ ಮುಂದೆಯೇ ಹತ್ತಿ ಕುಳಿತು ಕೈ ಎಲ್ಲಿಗೆ ಎಟಕುತ್ತದೆ, ಕಾಲು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿ ಹಿಡಿಕೆಯನ್ನು ಬೆಸುಗೆ ಹಾಕಿಸಿಕೊಂಡರು. ಒಟ್ಟು ಖರ್ಚು ಹೊಸ ಸ್ಕೂಟರೊಂದರ ಬೆಲೆಯ ಹತ್ತಿರ ಹೋಯಿತು. ಲಾಭ-ನಷ್ಟ ನೋಡುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಜನವರಿಯ ಒಂದು ಬೆಳಿಗ್ಗೆ ಹೊರಟೆವು. ತಮ್ಮ ಬೈಕಿನಲ್ಲಿ, ನಾವು ಕಾರಿನಲ್ಲಿ ಹಿಂದೆ. ಹುಣಸೂರಿನವರೆಗಿನ 45 ಕಿ.ಮೀ. ಸಮತಟ್ಟು ರಸ್ತೆಯಾದ್ದರಿಂದ ಉಮ್ಮ ಹೆಲ್ಮೆಟ್ ಧರಿಸಿ ಬೈಕಿನಲ್ಲೇ ಕುಳಿತರು. ಪೆಟ್ರೋಲಿಗೆ ಲೀಟರಿಗೆ 40 ಮಿಲಿ ಆಯಿಲ್ ಬೆರೆಸಿತ್ತು, ಹೊಸ ಪಿಸ್ಟನ್ ಪಳಗುವವರೆಗೆ 50 ಕಿ.ಮೀ. ವೇಗ ದಾಟಬಾರದೆಂದು ಉಸ್ತಾದರ ಅಪ್ಪಣೆ. ನೀಲಿ ಹೊಗೆ ಬರುತ್ತದೆ, ಅದನ್ನು ಮುಚ್ಚಿಟ್ಟು ಹೊಗಳಲಾರೆ. ದಿನನಿತ್ಯದ ಓಡಾಟಕ್ಕೆ ಇದು ಗಾಡಿಯಲ್ಲ. ಪಿರಿಯಾಪಟ್ಟಣದ ಸುತ್ತ ತಂಬಾಕು ಬೇಯಿಸುವ ಗೂಡುಗಳು, ಆಮೇಲೆ ಬೈಲಕುಪ್ಪೆಯ ಟಿಬೆಟಿಯನ್ನರ ನೆಲೆ. ಅದೂ ನೆಲೆಗೊಂಡದ್ದು 1961ರಲ್ಲೇ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಗಾಳಿ ತಣ್ಣಗಾಗುತ್ತದೆ. ಸುಂಟಿಕೊಪ್ಪದಲ್ಲಿ ಕಣಗಳ ತುಂಬ ಕಾಫಿ ಹಣ್ಣು ಒಣಗುತ್ತಿತ್ತು. ಉಮ್ಮ ಕಾರಿನ ಗಾಜು ಇಳಿಸಿ, "ಇಲ್ಲೇ ಒಮ್ಮೆ ಪಂಕ್ಚರ್ ಆಗಿತ್ತು, ನಿನ್ನಬ್ಬ ಚೈನು ಮುಟ್ಟದೆ ಚಕ್ರ ಬಿಚ್ಚಿದ್ದರು" ಎಂದರು. ನಿಜ, ಯೆಜ್ಡಿಯಲ್ಲಿ ಚೈನು ಮತ್ತು ಅದರ ಹಲ್ಲುಚಕ್ರ ಅಲ್ಲೇ ಉಳಿದು ಹಿಂದಿನ ಗಾಲಿ ಮಾತ್ರ ಹೊರಬರುತ್ತದೆ.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯೇ ಈ ಗಾಡಿಗೆ ನಿಜವಾದ ಪರೀಕ್ಷೆ. ಏರುವುದಕ್ಕಿಂತ ಇಳಿಯುವುದು ಕಷ್ಟ ಎಂದರೆ ನಂಬುತ್ತೀರಾ? ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜಾರುತ್ತಾ ಹೋದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಪಿಸ್ಟನ್ ಮಾತ್ರ ಒಣಗಿ ಓಡುತ್ತಿರುತ್ತದೆ, ಕಚ್ಚಿಕೊಳ್ಳುವ ಭಯ. ಟು-ಸ್ಟ್ರೋಕ್ ಎಂಜಿನ್ನು ಗಾಡಿಯನ್ನು ಹಿಡಿದು ನಿಲ್ಲಿಸುವುದೂ ಕಡಿಮೆ, ಆದ್ದರಿಂದ ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ಮು ಕಾದರೆ ಹಿಡಿತ ತಪ್ಪುತ್ತದೆ. ಅದಕ್ಕೇ ಹಳಬರು ಆಗಾಗ ಆಕ್ಸಿಲರೇಟರ್ ಕೊಂಚ ತಿರುಗಿಸಿ ಎಣ್ಣೆ ಕುಡಿಸುತ್ತಾ, ನಡುವೆ ನಿಂತು ಡ್ರಮ್ ಆರಿಸುತ್ತಾ ಇಳಿಯುತ್ತಿದ್ದರು. ಉಮ್ಮ ಈ ಸುಮಾರು 25 ಕಿ.ಮೀ. ಕಾರಿನಲ್ಲೇ ಕುಳಿತರು. "ಇಳಿಜಾರಿನಲ್ಲಿ ಹಿಂದಿನ ಭಾರ ಬೇಡ" ಎಂದು ಅವರೇ ಹೇಳಿದ್ದು. ತಮ್ಮ ಮೂರು ಕಡೆ ನಿಂತ. ಜೋಡುಪಾಲದಲ್ಲಿ ನಿಂತಾಗ 2018ರ ಆಗಸ್ಟಿನ ಭೂಕುಸಿತ ನೆನಪಾಗಿ ಯಾರೂ ಹೆಚ್ಚು ಮಾತನಾಡಲಿಲ್ಲ. ಅಂದು ಇಲ್ಲಿ ಮನೆಗಳು ಕೊಚ್ಚಿಹೋದವು, ಈ ಹೆದ್ದಾರಿಯೂ ಕಡಿದುಹೋಗಿತ್ತು.

ಸಂಪಾಜೆಯಲ್ಲಿ ಚಹಾ ಕುಡಿದು ಉಮ್ಮ ಮತ್ತೆ ಬೈಕು ಹತ್ತಿದರು. ಅರಂತೋಡು ದಾಟಿ ಅಡಿಕೆ ತೋಟ, ರಬ್ಬರ್ ಮರಗಳ ನಡುವೆ ಆ ಟಕಟಕ ಸದ್ದು ಮುಂದೆ ಮುಂದೆ ಹೋಗುತ್ತಿತ್ತು. ಸುಳ್ಯದಲ್ಲಿ ಮಾವನ ಮನೆಯ ಅಂಗಳಕ್ಕೆ ಗಾಡಿ ನುಗ್ಗಿದಾಗ ಒಳಗಿದ್ದ ಮಾವ ಸದ್ದು ಕೇಳಿಯೇ ಹೊರಬಂದರು. ಬೈಕನ್ನು ಒಂದು ಸುತ್ತು ನೋಡಿ, ಹಿಂದಿನ ಹಿಡಿಕೆಯನ್ನು ಅಲುಗಾಡಿಸಿ, "ಗಟ್ಟಿ ಇದೆ" ಎಂದರು. ಅಕ್ಕಿ ಪತ್ತಿರ್ ಮತ್ತು ಕೋಳಿ ಸಾರು ಕಾಯುತ್ತಿತ್ತು.

ಬೈಕು ಮೇ ತಿಂಗಳವರೆಗೆ ಸುಳ್ಯದಲ್ಲೇ ಇರಲಿ ಎಂದು ಉಮ್ಮ ತೀರ್ಮಾನಿಸಿದರು, ಅವರೂ ಅಲ್ಲೇ ಉಳಿದರು. ಮೊದಲ ದೂರ ಪ್ರಯಾಣದ ನಂತರ ನಟ್ಟು-ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿಮಾಡಿಸಬೇಕು, ಸ್ಪಾರ್ಕ್ ಪ್ಲಗ್ ತೆಗೆದು ಮಸಿ ನೋಡಬೇಕು. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕು ಮತ್ತು ಕಾರ್ಬುರೇಟರಿನ ಪೆಟ್ರೋಲನ್ನು ಬಸಿದು ಬಿಡಿ. ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ಕರಾವಳಿಯ ಜೂನ್ ತಿಂಗಳಲ್ಲಿ ತೇವಕ್ಕೇನು ಕೊರತೆ?