ತವರಿನ ಬಣ್ಣ ಬಿಡದ ಸೊಸೆ

ಫುಟ್‌ಬಾಲ್ ಎಂದ ಕೂಡಲೇ ಪುಟ ತಿರುವಿಬಿಡಬೇಡಿ, ಸೋದರಿಯರೇ. ಆ ಆಟದ ನಿಯಮಗಳೆಲ್ಲ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆದರೆ ಕಲ್ಕತ್ತೆಯ ಎರಡು ಕ್ಲಬ್ಬುಗಳ ಪೈಪೋಟಿ ಮೈದಾನದಲ್ಲಿ ಮಾತ್ರ ನಡೆಯುವುದಲ್ಲ. ಅದು ಮೀನಿನ ಮಾರುಕಟ್ಟೆಯಲ್ಲಿ ನಡೆಯುತ್ತದೆ, ಅಡುಗೆಮನೆಯಲ್ಲಿ ನಡೆಯುತ್ತದೆ, ಅತ್ತೆ ಸೊಸೆಯರ ನಡುವೆಯೂ ನಡೆಯುತ್ತದೆ. ಅಂಥ ಒಂದು ಮನೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

2009ರಲ್ಲಿ ಇವರಿಗೆ ಕಲ್ಕತ್ತೆಗೆ ವರ್ಗವಾಯಿತು. ಜಾದವಪುರದ ಕಡೆ ಒಂದು ಮನೆಯ ಮೇಲಂತಸ್ತಿನಲ್ಲಿ ಐದು ವರ್ಷ ಬಾಡಿಗೆಗೆ ಇದ್ದೆವು. ಕೆಳಗೆ ಮನೆಯ ಒಡತಿ, ಅವರ ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ, ಒಬ್ಬ ಮೊಮ್ಮಗ. ಒಡತಿಯನ್ನು ನಾನು ಮಾಶಿಮಾ ಎನ್ನುತ್ತಿದ್ದೆ. ಮಾಶಿ ಎಂದರೆ ನಮ್ಮ ಚಿಕ್ಕಮ್ಮ, ದೊಡ್ಡಮ್ಮನ ಹಾಗೆ. ಸೊಸೆಯನ್ನು ಬೌದಿ ಎನ್ನುತ್ತಿದ್ದೆ. ಅಂದರೆ ಅತ್ತಿಗೆ. ನಾವು ಸಸ್ಯಾಹಾರಿಗಳು ಅಂತ ಅವರಿಗೆ ಮೊದಲ ದಿನವೇ ಹೇಳಿದ್ದೆ. "ಅಯ್ಯೋ ಪಾಪ, ಹಾಗಾದರೆ ನೀನು ಯಾವ ಕಡೆಯವಳು ಅಂತ ಹೇಗೆ ಗೊತ್ತು ಮಾಡೋದು?" ಎಂದು ಮಾಶಿಮಾ ನಕ್ಕಿದ್ದರು. ಆ ನಗೆಯ ಅರ್ಥ ತಿಳಿಯಲು ನನಗೆ ನಾಲ್ಕಾರು ತಿಂಗಳು ಬೇಕಾಯಿತು.

ಕಲ್ಕತ್ತೆಯಲ್ಲಿ ಬಂಗಾಳಿಗಳಲ್ಲೇ ಎರಡು ಬಗೆ. ಪಶ್ಚಿಮ ಬಂಗಾಳದ ಮೂಲದವರು ಘೋಟಿ. ಈಗಿನ ಬಾಂಗ್ಲಾದೇಶದ ಕಡೆಯಿಂದ ಬಂದವರು ಬಾಂಗಾಲ್. ಘೋಟಿಗಳ ಕ್ಲಬ್ಬು ಮೋಹನ್ ಬಗಾನ್, 1889ರಲ್ಲಿ ಹುಟ್ಟಿದ್ದು. ಬಣ್ಣ ಹಸಿರು ಮತ್ತು ಮರೂನ್. ಬಾಂಗಾಲರ ಕ್ಲಬ್ಬು ಈಸ್ಟ್ ಬೆಂಗಾಲ್, 1920ರಲ್ಲಿ ಹುಟ್ಟಿದ್ದು. ಬಣ್ಣ ಕೆಂಪು, ಹಳದಿ. ಮೂರನೆಯ ದೊಡ್ಡ ಕ್ಲಬ್ಬು ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ ಇದೆ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದದ್ದು ಅವರ ಹೆಮ್ಮೆ. ಆದರೆ ಮನೆಗಳನ್ನು ಎರಡು ಭಾಗ ಮಾಡುವುದು ಮೊದಲಿನ ಎರಡೇ.

ಒಂದೊಂದಕ್ಕೂ ಒಂದೊಂದು ಅಭಿಮಾನದ ಕಥೆ. 1911ರ ಜುಲೈ 29ರಂದು ಮೋಹನ್ ಬಗಾನ್ ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೈನಿಕರ ತಂಡವನ್ನು 2-1ರಿಂದ ಸೋಲಿಸಿತು. ಬೂಟು ತೊಟ್ಟ ದೊರೆಗಳ ಎದುರು ನಮ್ಮವರು ಒಬ್ಬರನ್ನು ಬಿಟ್ಟು ಎಲ್ಲರೂ ಬರಿಗಾಲಿನಲ್ಲಿ ಆಡಿದ್ದರು. ಆ ದಿನವನ್ನು ಈಗಲೂ ಮೋಹನ್ ಬಗಾನ್ ದಿನ ಎಂದು ಆಚರಿಸುತ್ತಾರೆ. ಈಸ್ಟ್ ಬೆಂಗಾಲಿನ ಕಥೆಯಲ್ಲಿ ನಮಗೂ ಒಂದು ಪಾಲಿದೆ. ಸುಮಾರು 1950ರ ವೇಳೆಗೆ ಅವರ ಮುಂದಿನ ಸಾಲಿನಲ್ಲಿ ಆಡಿದ ಐವರನ್ನು ಪಂಚಪಾಂಡವರು ಎಂದು ಕರೆಯುತ್ತಿದ್ದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆಹ್, ಅಹಮದ್ ಖಾನ್. ಐವರೂ ದಕ್ಷಿಣದವರೇ, ಅಹಮದ್ ಖಾನ್ ನಮ್ಮ ಬೆಂಗಳೂರಿನವರು, ಒಲಿಂಪಿಕ್ಸ್‌ನಲ್ಲಿ ಆಡಿದವರು. ಊರು ಬಿಟ್ಟು ಬಂದವರ ಕ್ಲಬ್ಬನ್ನು ಎತ್ತಿ ಹಿಡಿದವರು ದೂರದ ಊರಿನ ಹುಡುಗರು! ನಾನು ಕರ್ನಾಟಕದವಳು ಅಂತ ತಿಳಿದ ದಿನ ಮಾಶಿಮಾ ಮೊದಲು ಕೇಳಿದ್ದೇ "ಅಹಮದ್ ಖಾನ್ ಊರಿನವಳಾ?" ಎಂದು.

ಇನ್ನು ಅಡುಗೆಮನೆಗೆ ಬನ್ನಿ. ಈಸ್ಟ್ ಬೆಂಗಾಲಿನ ಮೀನು ಇಲಿಶ್, ಮೋಹನ್ ಬಗಾನಿನದು ಸೀಗಡಿ. ಗೆದ್ದ ದಿನ ಗೆದ್ದವರ ಮನೆಯಲ್ಲಿ ಆ ಮೀನು ಬೇಯಲೇಬೇಕು. ಇಲಿಶ್‌ಗೆ ಸಾಸಿವೆ ಅರೆದ ಗೊಜ್ಜು, ಸೀಗಡಿಗೆ ತೆಂಗಿನ ಹಾಲು. ಪಂದ್ಯದ ಮಾರನೆಯ ದಿನ ಮೀನಿನವನು ಹೇಳುವ ಬೆಲೆಯಲ್ಲೇ ಯಾರು ಗೆದ್ದರು ಅಂತ ತಿಳಿಯುತ್ತದೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ. ರುಚಿಯಲ್ಲೂ ಜಗಳ. ಘೋಟಿಗಳು ಬೇಳೆಗೂ ಪಲ್ಯಕ್ಕೂ ಚಿಟಿಕೆ ಸಕ್ಕರೆ ಹಾಕುತ್ತಾರೆ, ಬಾಂಗಾಲರಿಗೆ ಖಾರ ಬೇಕು. ನಮ್ಮ ಹಳೇ ಮೈಸೂರಿನವರು ಹುಳಿಗೆ ಬೆಲ್ಲ ಹಾಕುವುದನ್ನು ಕಂಡು ಧಾರವಾಡದವರು ನಗುವುದಿಲ್ಲವೇ, ಹಾಗೆಯೇ.

ಮಾಶಿಮಾ ಬಾಂಗಾಲ್. ಬೌದಿ ಉತ್ತರ ಕಲ್ಕತ್ತೆಯ ಘೋಟಿ ಮನೆಯ ಮಗಳು. ಮೆಚ್ಚಿ ಮದುವೆಯಾಗಿ ಬಂದವರು. ಅತ್ತೆಮನೆಗೆ ಬಂದ ಮೇಲೆ ಬೌದಿ ಮನೆತನದ ಹೆಸರು ಬದಲಿಸಿಕೊಂಡರು, ಅಡುಗೆಯ ಕೈ ಬದಲಿಸಿಕೊಂಡರು, ಸಕ್ಕರೆ ಡಬ್ಬಿಯನ್ನು ಚಹಾದ ಪಕ್ಕಕ್ಕೆ ಸರಿಸಿದರು. ಬದಲಿಸಿಕೊಳ್ಳದೆ ಉಳಿದದ್ದು ಒಂದೇ, ತಂಡ. ಪಂದ್ಯದ ದಿನ ಮನೆಯವರೆಲ್ಲ ಕೆಂಪು ಹಳದಿಯಾದರೆ ಬೌದಿಯೊಬ್ಬರೇ ಮರೂನ್ ಅಂಚಿನ ಹಸಿರು ಸೀರೆ ಉಟ್ಟು ಟಿ.ವಿ. ಮುಂದೆ ಕೂರುತ್ತಿದ್ದರು. ಹುಡುಗ ಅಜ್ಜಿಗೂ ಅಮ್ಮನಿಗೂ ನಡುವೆ.

ನಾವು ಹೋದ ವರ್ಷವೇ, 2009ರ ಅಕ್ಟೋಬರ್ 25ರಂದು, ಮೋಹನ್ ಬಗಾನ್ 5-3ರಿಂದ ಗೆದ್ದಿತು. ಬೌದಿ ಅಂಗಳಕ್ಕೆ ಓಡಿಬಂದು ಶಂಖ ಊದಿದ್ದು ಈಗಲೂ ಕಿವಿಯಲ್ಲಿದೆ. ಅವರ ತಂದೆಗೆ ಐದು ಎನ್ನುವ ಅಂಕಿಯೇ ಆಗಿಬರುತ್ತಿರಲಿಲ್ಲವಂತೆ. 1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5-0ರಿಂದ ಗೆದ್ದಿತ್ತಲ್ಲ, ಅದಕ್ಕೆ. ಮಾಶಿಮಾ ಆ ರಾತ್ರಿ ಮುಖ ಸಣ್ಣ ಮಾಡಿಕೊಂಡರೂ ಸೊಸೆ ಬಡಿಸಿದ ಸೀಗಡಿಯನ್ನು ಉಂಡರು. ಅದು ಆ ಮನೆಯ ಕಟ್ಟಳೆ. ಗೆದ್ದವರು ಅಡುಗೆ ಮಾಡಬೇಕು, ಸೋತವರಿಗೆ ಮೊದಲು ಬಡಿಸಬೇಕು, ಸೋತವರು ತಟ್ಟೆ ದೂಡಬಾರದು.

ಇದೆಲ್ಲ ಬರೀ ತಮಾಷೆ ಅಂದುಕೊಳ್ಳಬೇಡಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ತಂಡಗಳ ಪಂದ್ಯ ನಡೆಯುವಾಗ ಪ್ರೇಕ್ಷಕರ ನಡುವೆ ಹೊಡೆದಾಟವಾಗಿ, ನೂಕುನುಗ್ಗಲಾಗಿ 16 ಮಂದಿ ಸತ್ತರು. ಆಟ ನೋಡಲು ಹೋದ ಮಕ್ಕಳು ಹೆಣವಾಗಿ ಬಂದರೆ ಯಾವ ತಾಯಿ ಬಣ್ಣ ನೋಡುತ್ತಾಳೆ ಹೇಳಿ? ಅವರ ನೆನಪಿಗೆ ಕಲ್ಕತ್ತೆಯಲ್ಲಿ ಆ ದಿನ ರಕ್ತದಾನ ಮಾಡುತ್ತಾರೆ. ಹುಡುಗರು ಮೈದಾನಕ್ಕೆ ಹೊರಟಾಗೆಲ್ಲ ಮಾಶಿಮಾ ಬಾಗಿಲವರೆಗೆ ಬಂದು, "ಸೋತರೂ ಗೆದ್ದರೂ ನೇರ ಮನೆಗೆ ಬನ್ನಿ" ಎನ್ನುತ್ತಿದ್ದರು.

2012ರ ಡಿಸೆಂಬರ್ 9ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮತ್ತೆ ಗಲಾಟೆಯಾಯಿತು. ಪ್ರೇಕ್ಷಕರ ಕಡೆಯಿಂದ ಬಂದ ಏಟಿಗೆ ಮೋಹನ್ ಬಗಾನಿನ ರಹೀಂ ನಬಿ ಗಾಯಗೊಂಡರು. ವಿರಾಮದ ನಂತರ ಆ ತಂಡ ಮೈದಾನಕ್ಕೆ ಇಳಿಯಲಿಲ್ಲ. ಆಟ ನೋಡಲು ಹೋಗಿದ್ದ ಬೌದಿಯ ಮೈದುನ ಕೋಪದಲ್ಲೇ ಮನೆಗೆ ಬಂದ. ನಾನು ಕೊತ್ತಂಬರಿ ಸೊಪ್ಪು ಕೇಳಲು ಕೆಳಗೆ ಇಳಿದಿದ್ದೆ. "ನಿಮ್ಮವರು ಹೇಡಿಗಳು ಬೌದಿ, ಓಡಿಹೋದರು. ನಿಮ್ಮಪ್ಪನ ಮನೆಯವರೆಲ್ಲ ಹೀಗೇ," ಎಂದುಬಿಟ್ಟ. ಬೌದಿ ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಒಲೆ ಆರಿಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾಶಿಮಾ ಮಗನನ್ನು ಎದುರಿಗೆ ನಿಲ್ಲಿಸಿಕೊಂಡರು. ದನಿ ಏರಿಸಲಿಲ್ಲ.

"ಆಟಗಾರರನ್ನ ಏನು ಬೇಕಾದರೂ ಅನ್ನು. ಅವಳ ತವರಿನ ಮಾತು ಎತ್ತಬೇಡ. ಅವಳಿಗೆ ಬೇಜಾರಾದರೆ ಒಂದು ಬಸ್ಸು ಹತ್ತಿ ಅಪ್ಪನ ಮನೆಗೆ ಹೋಗಬಹುದು. ನಾನೆಲ್ಲಿಗೆ ಹೋಗಲಿ? ಹನ್ನೆರಡು ವರ್ಷದವಳು ಬರಿಸಾಲ್ ಬಿಟ್ಟೆ. ಸ್ಟೀಮರಿನಲ್ಲಿ ಖುಲ್ನಾ, ಅಲ್ಲಿಂದ ರೈಲು, ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಸಂಸಾರ. ನಮ್ಮ ಕೊಳ, ನಮ್ಮ ಅಡಿಕೆ ಮರ ನೋಡಿ ಅರವತ್ತೆರಡು ವರ್ಷ ಆಯ್ತು. ನನ್ನ ಊರಿನ ಹೆಸರಲ್ಲಿ ನನಗೆ ಉಳಿದಿರೋದು ಈ ಕ್ಲಬ್ಬೊಂದೇ. ತವರು ಕಳಕೊಂಡವಳ ಮನೇಲಿ ಇನ್ನೊಬ್ಬಳ ತವರನ್ನ ಆಡಿಕೊಳ್ತೀಯಾ?"

ಅವನು ತಲೆ ತಗ್ಗಿಸಿದ. ನಾನು ಸದ್ದಿಲ್ಲದೆ ಮೆಟ್ಟಿಲು ಹತ್ತಿದೆ. ಸೊಪ್ಪು ಕೇಳುವ ಹೊತ್ತಲ್ಲ ಅದು. ಮಾರನೆಯ ಬೆಳಿಗ್ಗೆ ಅವನೇ ಮಾರುಕಟ್ಟೆಗೆ ಹೋಗಿ ಸೀಗಡಿ ತಂದು ಅತ್ತಿಗೆಯ ಮುಂದಿಟ್ಟ. ಬೌದಿ ಒಂದು ಮಾತೂ ಆಡದೆ ತೆಂಗಿನಕಾಯಿ ತುರಿಯಲು ಕುಳಿತರು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹಿಂದಿನ ದಿನದ ರೆಫರಿಯನ್ನು ಒಟ್ಟಿಗೇ ಬೈಯುತ್ತಿದ್ದರು.

ನಾವು 2014ರಲ್ಲಿ ಊರಿಗೆ ಮರಳಿದೆವು. ಮಾಶಿಮಾ ಈಗಿಲ್ಲ. ಬೌದಿ ಆಗಾಗ ಫೋನು ಮಾಡುತ್ತಾರೆ. 2024ರ ಆಗಸ್ಟ್‌ನಲ್ಲಿ ಮಾಡಿದ್ದು ಮರೆಯುವ ಹಾಗಿಲ್ಲ. ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ಎಳೆಯ ವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಂದದ್ದು ನಿಮಗೂ ನೆನಪಿರಬೇಕು. ಆಗಸ್ಟ್ 18ರಂದು ನಡೆಯಬೇಕಿದ್ದ ಈ ಎರಡು ತಂಡಗಳ ಡ್ಯುರಾಂಡ್ ಕಪ್ ಪಂದ್ಯ ರದ್ದಾಯಿತು. ಆದರೂ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿದರು. ಹಸಿರು ಮರೂನ್, ಕೆಂಪು ಹಳದಿ, ಮೊಹಮ್ಮಡನ್ನಿನ ಕಪ್ಪು ಬಿಳುಪು, ಎಲ್ಲವೂ ಒಂದೇ ಗುಂಪಿನಲ್ಲಿ, ಆ ಹುಡುಗಿಗೆ ನ್ಯಾಯ ಬೇಕೆಂದು. "ನಾನೂ ನನ್ನ ಮೈದುನನೂ ಒಂದೇ ಆಟೋದಲ್ಲಿ ಹೋದ್ವಿ. ನಂದು ನನ್ನ ಬಣ್ಣ, ಅವಂದು ಅವನ ಬಣ್ಣ. ಅಮ್ಮ ಇದ್ದಿದ್ದರೆ ಅವರೂ ಬರ್ತಿದ್ದರು," ಎಂದರು ಬೌದಿ.

ಈಗ ನೀವೇ ಯೋಚಿಸಿ ನೋಡಿ. ನಮ್ಮ ಮನೆಗಳಲ್ಲೂ ಪೈಪೋಟಿ ಇಲ್ಲವೇ? ಕ್ರಿಕೆಟ್ಟಿನ ತಂಡ, ಚುನಾವಣೆಯ ಪಕ್ಷ, ಸಿನಿಮಾ ನಟರು, ಹಬ್ಬದ ಹೋಳಿಗೆ ಬೇಳೆಯದೋ ಕಾಯಿಯದೋ ಅನ್ನುವುದೂ ಸೇರಿ. ಇರಲಿ, ಪೈಪೋಟಿಯಿದ್ದರೆ ಮನೆಗೆ ಒಂದು ಕಳೆ. ಆದರೆ ಮದುವೆಯಾದ ಹೆಣ್ಣು ತವರಿನಿಂದ ತಂದ ಬಣ್ಣವನ್ನು ಹೊಸಿಲಾಚೆ ಬಿಟ್ಟು ಬರಬೇಕು ಎನ್ನುವುದು ಯಾವ ನ್ಯಾಯ? ಸೊಸೆ ತನ್ನ ಬಣ್ಣ ಉಟ್ಟು ನಿಮ್ಮ ಪಂಕ್ತಿಯಲ್ಲೇ ಕೂರಲಿ. ತಂಡದ ಬಗ್ಗೆ ಎಷ್ಟು ಬೇಕಾದರೂ ವಾದಿಸಿ, ತವರಿನ ಬಗ್ಗೆ ಮಾತ್ರ ಒಂದು ಮಾತೂ ಬೇಡ. ಊಟಕ್ಕೆ ಮೊದಲು ಬಡಿಸುವುದು ಸೋತವರಿಗೇ ಇರಲಿ. ಇಷ್ಟು ಕಟ್ಟಳೆ ಇಟ್ಟುಕೊಂಡ ಮನೆಯಲ್ಲಿ ಎರಡು ತಂಡವೇನು, ನಾಲ್ಕು ತಂಡಗಳಿದ್ದರೂ ಒಂದೇ ಒಲೆ ಸಾಕು.