ಉಡುಪಿಗೆ ಬಿದ್ದ ಕಲ್ಲು

ಇವತ್ತು ಹಟ್ಟಿಯಂಗಡಿಯಲ್ಲಿ ಫೋನಿಂದ ಫೋನಿಗೆ ಹಾರುತ್ತಿರುವುದು ಅಪೋಫಿಸ್ ಸುದ್ದಿ. 2029ರ ಏಪ್ರಿಲ್ 13ಕ್ಕೆ ಭೂಮಿ ಮುಗೀತಂತೆ, ಹೌದಾ?

ಇಲ್ಲ. ಸುಮಾರು 340 ಮೀಟರ್ ಗಾತ್ರದ ಆ ಕ್ಷುದ್ರಗ್ರಹ ಅಂದು ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಟಿವಿ ಉಪಗ್ರಹಗಳಿಗಿಂತಲೂ ಹತ್ತಿರ, ನಿಜ. ಆದರೆ ಇನ್ನು ನೂರು ವರ್ಷವಾದರೂ ಅದು ಡಿಕ್ಕಿ ಹೊಡೆಯುವುದಿಲ್ಲವೆಂದು 2021ರ ರೇಡಾರ್ ಅಳತೆಗಳ ನಂತರ ನಾಸಾ ಹೇಳಿದೆ.

ಹಾಗೆಂದು ಬಾನಿನಿಂದ ಕಲ್ಲು ಬೀಳುವುದು ಕಟ್ಟುಕತೆಯಲ್ಲ. ಹಟ್ಟಿಯಂಗಡಿಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಉಡುಪಿಗೇ 1866ರಲ್ಲಿ ಒಂದು ಉಲ್ಕಾಶಿಲೆ ಬಿದ್ದಿತ್ತು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದು ಇವತ್ತಿಗೂ ‘ಉಡಿಪಿ’. ಕೆಲವೇ ಕಿಲೋ ತೂಕದ ಕಲ್ಲು!

ಜೀವಕುಲವನ್ನೇ ಅಲುಗಿಸಲು ಸುಮಾರು 10 ಕಿಲೋಮೀಟರ್ ಅಗಲದ್ದು ಬೇಕು, ಹೆಚ್ಚುಕಮ್ಮಿ ಕುಂದಾಪುರದಿಂದ ಹಟ್ಟಿಯಂಗಡಿಯವರೆಗಿನಷ್ಟು. ಅಂಥದ್ದು 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಚಿಕ್‌ಶುಲೂಬಿಗೆ ಬಡಿಯಿತು, ಡೈನೋಸಾರ್‌ಗಳು ಹೋದವು. ಆಗಲೂ ಜೀವ ಪೂರ್ತಿ ಅಳಿಯಲಿಲ್ಲ. ಅವುಗಳ ಸಂಬಂಧಿಗಳಾದ ಹಕ್ಕಿಗಳು ಉಳಿದುಕೊಂಡವು. ಆ ಗಾತ್ರದ ಹೊಡೆತ ಕೋಟ್ಯಂತರ ವರ್ಷಗಳಿಗೊಮ್ಮೆ.

ನಿಜವಾಗಿ ಕಣ್ಣಿಡಬೇಕಾದದ್ದು ಚಿಕ್ಕವುಗಳ ಮೇಲೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದು ಸುಮಾರು 20 ಮೀಟರಿನದು. ಮೊದಲೇ ಯಾರೂ ಕಂಡಿರಲಿಲ್ಲ. ಸುಮಾರು 1,500 ಜನರಿಗೆ ಗಾಯ, ಬಹುಪಾಲು ಒಡೆದ ಕಿಟಕಿ ಗಾಜಿನಿಂದ. ಸಮಾಧಾನದ ವಿಷಯವೂ ಇದೆ: 2022ರಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಗುದ್ದಿ, ಅದರ ಕಕ್ಷೆಯ ಸುತ್ತಿನ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಇಳಿಸಿತು.

ಉಡುಪಿಯ ಆ ಕಲ್ಲಿನ ಬಗ್ಗೆ ಹಿರಿಯರ ಬಾಯಲ್ಲಿ ಕೇಳಿದವರು ಯಾರಾದರೂ ಇದ್ದೀರಾ? ಇದ್ದರೆ ದಯವಿಟ್ಟು ಬರೆಯಿರಿ.